ಕಲ್ಲಿನ ವೇಷ ತೊಟ್ಟ ಗೋಡೆಗಳು

ಹೆಬ್ಬಾಳದ ಮೇಲುಸೇತುವೆಯನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವವರು ಎಡಬಲಗಳ ಬಡಾವಣೆಗಳೊಳಗೆ ನಾಲ್ಕು ಹೆಜ್ಜೆ ಹೊಕ್ಕು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳದಿರಲಾರದು. ಹಿಂದೆ ಕೆನೆಬಣ್ಣ, ತಿಳಿಹಳದಿ, ತಿಳಿನೀಲಿಗಳಿಂದ ಕಾಣಿಸುತ್ತಿದ್ದ ಮನೆಗಳ ಮುಖಗಳು ಈಗ ಇದ್ದಿಲಿನ ಬಣ್ಣವನ್ನೂ ಕಾಡುಗಲ್ಲಿನ ಬಣ್ಣವನ್ನೂ ತಾಳುತ್ತಿವೆ. ದೂರದಿಂದ ನೋಡಿದವರಿಗೆ ಕಲ್ಲಿನ ಕಟ್ಟಡವೆಂದೇ ತೋರುವುದು. ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ನಿಜಸ್ಥಿತಿ ತಿಳಿಯುವುದು. ಅದು ಸಿಮೆಂಟು ಗಾರೆಯ ಮೇಲೆ ಎರಡು ಮೂರು ಮಿಲಿಮೀಟರು ದಪ್ಪಕ್ಕೆ ಬಳಿದ ಲೇಪ, ಇಲ್ಲವೇ ಅಂಟಿಸಿದ ಹಗುರವಾದ ಹಲಗೆ. ಮನೆಯ ಒಳಗೂ ಹೀಗೆಯೇ. ಹಜಾರದಲ್ಲಿ ಟೆಲಿವಿಷನ್ನು ತೂಗುಹಾಕುವ ಗೋಡೆ, ಮಲಗುವ ಕೋಣೆಯಲ್ಲಿ ಮಂಚದ ತಲೆಯ ಕಡೆಯ ಗೋಡೆ, ಕೆಲವೆಡೆ ಓದುವ ಮೇಜಿನ ಹಿಂದಿನ ಗೋಡೆ ಸಹ ಕರಿಗಲ್ಲಿನ ವೇಷವನ್ನು ತೊಟ್ಟು ನಿಂತಿವೆ.

ಕಳೆದ ವರ್ಷ ಯಲಹಂಕ ಉಪನಗರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಹಜಾರದ ಒಂದು ಗೋಡೆಗೆ ಪದರ ಪದರವಾದ ಕರಿಗಲ್ಲಿನಂತೆ ಕಾಣುವ ಲೇಪವಾಗಿದ್ದಿತು. ಮನೆಯ ಅಜ್ಜಿ ಅದನ್ನು ನೋಡಿ, “ಇದೇನಪ್ಪಾ, ಸೌದೆ ಒಲೆಯ ಹೊಗೆ ಹಿಡಿದ ಅಡುಗೆಮನೆ ಹಾಗಿದೆ! ಇದಕ್ಕೆ ದುಡ್ಡು ಬೇರೆ ಕೊಟ್ಟೆಯಾ?” ಎಂದರು. ಕೆಲಸ ಹಿಡಿದಿದ್ದ ಗುತ್ತಿಗೆದಾರರು, “ಅಜ್ಜಿ, ಈಗ ಎಲ್ಲರೂ ಇದನ್ನೇ ಕೇಳೋದು” ಎಂದು ನಕ್ಕರು. ಬಂದಿದ್ದ ನೆಂಟರೊಬ್ಬರು, ಕಪ್ಪು ಬಣ್ಣ ಶಾಖವನ್ನು ಹೀರುವುದೆಂದೂ ಬೇಸಗೆಯಲ್ಲಿ ಹಜಾರವು ಕಾದ ಬಾಣಲೆಯಂತಾಗುವುದೆಂದೂ ಭವಿಷ್ಯ ನುಡಿದರು. ಎಲ್ಲರೂ ನಮ್ಮ ಕಡೆ ತಿರುಗಿ, “ನೀವು ಫಿಸಿಕ್ಸ್ ಮೇಷ್ಟ್ರು, ನೀವೇ ಹೇಳಿ ಸಾರ್” ಎಂದರು. ಅಷ್ಟರಲ್ಲಿ ಎಲೆ ಹಾಕಿದ್ದರಿಂದ ಅಂದು ಪೂರ್ತಿಯಾಗಿ ಉತ್ತರ ಹೇಳಲಾಗಲಿಲ್ಲ. ಉಳಿದುದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ಕಲ್ಲಲ್ಲದ್ದನ್ನು ಕಲ್ಲಿನಂತೆ ತೋರಿಸುವುದೇ ತಪ್ಪೆಂದು ವಾದಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಈ ಹವ್ಯಾಸ ಬಹು ಪುರಾತನವಾದದ್ದು. ಪಾಂಪೆಯಿ ನಗರದ ಹಳೆಯ ಮನೆಗಳಲ್ಲಿ ರೋಮನರು ಗಾರೆಯನ್ನು ಚೌಕಚೌಕವಾಗಿ ಉಬ್ಬಿಸಿ ಬಣ್ಣ ಹಚ್ಚಿ ಅಮೃತಶಿಲೆಯ ಚಪ್ಪಡಿಗಳೆಂದು ತೋರುವಂತೆ ಮಾಡಿದ್ದರು. ನಮ್ಮ ದಕ್ಷಿಣ ದೇಶದಲ್ಲಿಯೂ ಸುಟ್ಟ ಚಿಪ್ಪಿನ ಸುಣ್ಣವನ್ನು ಅರೆದು, ಪದರ ಪದರವಾಗಿ ಬಳಿದು, ನುಣುಪುಗಲ್ಲಿನಿಂದ ಉಜ್ಜಿ ಅಮೃತಶಿಲೆಯ ಹೊಳಪನ್ನು ಬರಿಸುತ್ತಿದ್ದ ಗಾರೆಯವರು ಇದ್ದರು. ಆದರೆ ಇಲ್ಲೊಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ನಮ್ಮ ಗಾರೆಯವರು ಅನುಕರಿಸುತ್ತಿದ್ದುದು ಬಿಳಿಯ ಕಲ್ಲನ್ನು. ಈಗ ನಡೆಯುತ್ತಿರುವುದು ಕಪ್ಪು ಕಲ್ಲಿನ ಅನುಕರಣ. ಭೌತಶಾಸ್ತ್ರದ ದೃಷ್ಟಿಯಿಂದ ಈ ಎರಡು ಅನುಕರಣಗಳಿಗೂ ಅಜಗಜಾಂತರವುಂಟು.

ಇನ್ನೊಂದು ವಿನೋದವೂ ಉಂಟು. ಬೆಂಗಳೂರು ನಿಂತಿರುವುದೇ ಕಲ್ಲಿನ ಮೇಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು 1916ರಲ್ಲಿ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನು ಕೊಟ್ಟರು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಎಂಟನೆಯ ಶತಮಾನದ್ದು. ಅಷ್ಟು ಹಿಂದೆಯೇ ಈ ಸೀಮೆಯವರು ತಮ್ಮ ವೀರರ ನೆನಪನ್ನು ಕಲ್ಲಿಗೆ ಒಪ್ಪಿಸಿದ್ದರು. ಯಲಹಂಕದಿಂದ ಮುಂದೆ ದೇವನಹಳ್ಳಿಯ ದಾರಿಯಲ್ಲಿರುವ ಸಾದಹಳ್ಳಿಯ ಬೂದುಗಲ್ಲು ಶಿಲ್ಪಿಗಳಲ್ಲಿ ಹೆಸರುವಾಸಿಯಾದುದು. 1951ರಲ್ಲಿ ಅಸ್ತಿಭಾರ ಹಾಕಿ 1956ರಲ್ಲಿ ಮುಗಿಸಿದ ವಿಧಾನಸೌಧದ ಕಲ್ಲೂ ಗ್ರಾನೈಟೇ. ಇವೆಲ್ಲವೂ ತಿಳಿಬೂದು ಬಣ್ಣದವು. ಬೆಂಗಳೂರಿನ ಸ್ವಂತ ಕಲ್ಲು ಕಪ್ಪಲ್ಲ. ಚಾಮರಾಜನಗರದ ಕಡೆಯಿಂದ ಬರುವ, ಅಂಗಡಿಯಲ್ಲಿ ‘ಕಪ್ಪು ಗ್ರಾನೈಟ್’ ಎಂದು ಮಾರುವ ಶಿಲೆಯು ಶಾಸ್ತ್ರರೀತ್ಯಾ ಗ್ರಾನೈಟೇ ಅಲ್ಲ. ಅದು ಹಳೆಯ ಬಂಡೆಗಳ ಬಿರುಕಿನೊಳಗೆ ಕರಗಿದ ಶಿಲಾರಸವು ನುಗ್ಗಿ ಗಟ್ಟಿಯಾದ ಡಾಲರೈಟ್. ಹೀಗೆ, ಬೂದುಗಲ್ಲಿನ ಊರಿನಲ್ಲಿ ಕುಳಿತು, ಗ್ರಾನೈಟಲ್ಲದ ಕಪ್ಪು ಗ್ರಾನೈಟನ್ನು, ಕಲ್ಲಲ್ಲದ ವಸ್ತುವಿನಿಂದ ಅನುಕರಿಸುತ್ತಿದ್ದೇವೆ!

ಇರಲಿ. ಈಗ ಬೆಳಕಿನ ವಿಷಯಕ್ಕೆ ಬರೋಣ. ದೀಪದಿಂದ ಹೊರಟ ಬೆಳಕು ಒಂದೇ ಸಾರಿ ಪುಸ್ತಕದ ಮೇಲೆ ಬಿದ್ದು ಮುಗಿದುಹೋಗುವುದಿಲ್ಲ. ಗೋಡೆಗೆ, ಸೂರಿಗೆ, ನೆಲಕ್ಕೆ ತಾಕಿ ಪ್ರತಿಫಲಿಸುತ್ತ ಕೋಣೆಯೊಳಗೆ ಅನೇಕ ಸಾರಿ ಓಡಾಡುವುದು. ಪ್ರತಿ ಸಾರಿಯೂ ಒಂದಂಶ ಹೀರಲ್ಪಟ್ಟು ಉಳಿದಂಶ ಹಿಂದಿರುಗುವುದು. ಹಿಂದಿರುಗುವ ಅಂಶವನ್ನು ಪ್ರ ಎಂದು ಕರೆದರೆ, ಒಟ್ಟು ಬೆಳಕು ಒಂದು, ಪ್ರ, ಪ್ರದ ವರ್ಗ, ಪ್ರದ ಘನ, ಹೀಗೆ ಸಾಗುವ ಗುಣೋತ್ತರ ಶ್ರೇಢಿಯ ಮೊತ್ತವಾಗುವುದು. ಒಂದರಿಂದ ಪ್ರವನ್ನು ಕಳೆದು, ಬಂದುದರಿಂದ ಒಂದನ್ನು ಭಾಗಿಸಿದರೆ ಈ ಮೊತ್ತ ದೊರೆಯುವುದೆಂದು ಪಿ.ಯು.ಸಿ. ವಿದ್ಯಾರ್ಥಿಗಳು ಬಲ್ಲರು. ಗಣಿತದ ಪುಸ್ತಕದಲ್ಲಿ ಸಪ್ಪೆಯಾಗಿ ಕಾಣುವ ಈ ಸೂತ್ರ ನಮ್ಮ ಹಜಾರದಲ್ಲಿ ಪ್ರತಿ ಸಂಜೆಯೂ ಕೆಲಸ ಮಾಡುತ್ತಿರುವುದು.

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಸೂರು 120 ಚದರ ಅಡಿ, ನೆಲ 120, ನಾಲ್ಕು ಗೋಡೆಗಳು ಸೇರಿ 440, ಒಟ್ಟು 680. ಬಿಳಿಯ ಸೂರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲನ್ನೂ, ಕೆನೆಬಣ್ಣದ ಗೋಡೆ 70 ಪಾಲನ್ನೂ, ನೆಲ 30 ಪಾಲನ್ನೂ ಹಿಂದಿರುಗಿಸುವುದೆಂದು ಇಟ್ಟುಕೊಂಡರೆ ಕೋಣೆಯ ಸರಾಸರಿ ಪ್ರ 0.65ರಷ್ಟಾಗುವುದು. ಆಗ ಮೊತ್ತ 2.8. ಎಂದರೆ ದೀಪ ಕೊಟ್ಟ ಬೆಳಕನ್ನು ಗೋಡೆಗಳು ಸುಮಾರು ಮೂರುಪಟ್ಟು ಮಾಡಿ ನಮಗೆ ಒಪ್ಪಿಸುತ್ತವೆ. ಈಗ ಹನ್ನೆರಡು ಅಡಿಯ ಒಂದು ಗೋಡೆಗೆ ಮಾತ್ರ, ನೂರಕ್ಕೆ 10 ಪಾಲನ್ನಷ್ಟೇ ಹಿಂದಿರುಗಿಸುವ ಕರಿಗಲ್ಲಿನ ಲೇಪವನ್ನು ಹಾಕೋಣ. ಸರಾಸರಿ 0.54ಕ್ಕೆ ಇಳಿದು ಮೊತ್ತ 2.2 ಆಗುವುದು. ಬೆಳಕು ಕಾಲುಭಾಗದಷ್ಟು ಕಡಮೆಯಾಯಿತು. ನಾಲ್ಕು ಗೋಡೆಗಳಿಗೂ ಹಾಕಿದರೋ? ಮೊತ್ತ 1.35; ಮೊದಲಿನ ಅರ್ಧಕ್ಕಿಂತಲೂ ಕಡಮೆ. ಮೊದಲು 10 ವಾಟಿನ ದೀಪ ಸಾಕಾಗಿದ್ದಲ್ಲಿ ಈಗ 20 ವಾಟು ಮೀರಬೇಕು. ಕಿಟಕಿ, ಬಾಗಿಲು, ಬೀರುಗಳನ್ನು ಬಿಟ್ಟು ಮಾಡಿದ ಸ್ಥೂಲವಾದ ಲೆಕ್ಕವಿದು. ಆದರೂ ದಿಕ್ಕನ್ನು ಸರಿಯಾಗಿ ತೋರಿಸುವುದು.

ಇಲ್ಲಿ ಗುತ್ತಿಗೆದಾರರ ಪರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ನಮ್ಮ ಕಣ್ಣು ಬೆಳಕಿನ ಅಳತೆಯನ್ನು ಕೂಡುವ ಲೆಕ್ಕದಲ್ಲಿ ಗ್ರಹಿಸುವುದಿಲ್ಲ, ಹೆಚ್ಚುಕಡಮೆ ಗುಣಿಸುವ ಲೆಕ್ಕದಲ್ಲಿ ಗ್ರಹಿಸುವುದು. ಕಾಲುಭಾಗ ಬೆಳಕು ಕುಂದಿದರೆ ಅದು ನಮಗೆ ತಿಳಿಯುವುದೇ ಅಪರೂಪ. ಆದುದರಿಂದ ಹಜಾರದ ಒಂದೇ ಒಂದು ಗೋಡೆಯನ್ನು ಕಪ್ಪಾಗಿಸಿಕೊಂಡ ನಮ್ಮ ಹಳೆಯ ವಿದ್ಯಾರ್ಥಿಯು ಮಹಾಪರಾಧವನ್ನೇನೂ ಮಾಡಲಿಲ್ಲ. ಯಾವ ಗೋಡೆ ಎಂಬುದು ಮಾತ್ರ ಮುಖ್ಯ. ಕಿಟಕಿಯ ಎದುರಿನ ಗೋಡೆ ಬೇಡ. ಹಗಲಿನ ಬೆಳಕನ್ನು ಕೋಣೆಯ ಒಳಮೂಲೆಗೆ ಹಿಂದಿರುಗಿಸುವುದು ಅದೇ. ಕಿಟಕಿಯಿರುವ ಗೋಡೆಯೂ ಬೇಡ. ಕಪ್ಪು ಗೋಡೆಯ ನಡುವೆ ಹೊಳೆಯುವ ಕಿಟಕಿ ಕಣ್ಣಿಗೆ ಕುಕ್ಕುವುದು. ಉಳಿದದ್ದು ಪಕ್ಕದ ಗೋಡೆ. ಅಲ್ಲಿ ಹಾಕಿಕೊಳ್ಳಲಿ.

ಓದುವ ಕೋಣೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಇಷ್ಟು ಮೃದುವಾಗಿಲ್ಲ. ಮಂದವಾದ ಬೆಳಕಿನಲ್ಲಿ ಓದಿದರೆ ಕಣ್ಣು ಶಾಶ್ವತವಾಗಿ ಕೆಡುವುದೆಂಬ ಹಿರಿಯರ ಮಾತಿಗೆ ವೈದ್ಯಶಾಸ್ತ್ರದಲ್ಲಿ ಬಲವಾದ ಆಧಾರವಿಲ್ಲ. ಆದರೆ ಆಯಾಸ, ತಲೆನೋವು, ತೂಕಡಿಕೆಗಳು ನಿಜ. ದೀರ್ಘಕಾಲ ಓದುವುದಕ್ಕೆ ಮೇಜಿನ ಮೇಲೆ 300 ಲಕ್ಸ್ ಇರಬೇಕೆಂಬುದು ರೂಢಿಯಲ್ಲಿರುವ ಅಳತೆ. ಮೇಜಿನ ಮೇಲೊಂದು ದೀಪವಿಟ್ಟು ಇದನ್ನು ಸಾಧಿಸಬಹುದಲ್ಲವೇ ಎಂದು ಕೇಳುವಿರಿ. ಸಾಧಿಸಬಹುದು. ಆದರೆ ಪುಟ ಬೆಳ್ಳಗೆ ಹೊಳೆಯುತ್ತಿರುವಾಗ ಅದರ ಹಿಂದೆಯೇ ಕಗ್ಗಪ್ಪು ಗೋಡೆಯಿದ್ದರೆ, ತಲೆಯೆತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕಾಗುವುದು. ಪರೀಕ್ಷೆಗೆ ಕುಳಿತ ಹುಡುಗ ಹುಡುಗಿಯರಿಗೆ ಈ ವ್ಯಾಯಾಮ ಯಾತಕ್ಕೆ?

ಬೇಲೂರಿನ ಗುಡಿಯೊಳಗೂ ಕತ್ತಲೆಯೇ ಅಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ನಮ್ಮನ್ನು ಕೇಳಿದ್ದುಂಟು. ಒಳ್ಳೆಯ ಪ್ರಶ್ನೆ. 1117ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ಬಳಪದ ಕಲ್ಲಿನ ಕಂಬಗಳು ಕಪ್ಪಾಗಿಯೇ ಇವೆ. ಅವು ನಯಗೊಳಿಸಲ್ಪಟ್ಟು ಹೊಳೆಯುವುದರಿಂದ ಒಂದು ಎಣ್ಣೆಯ ದೀಪದ ಬೆಳಕು ಕಂಬ ಕಂಬದ ಮೇಲೂ ಗೆರೆಯಾಗಿ ಜಾರುವುದು. ಅಲ್ಲಿ ನೋಟವೆಲ್ಲ ಒಂದು ಮೂರ್ತಿಯ ಕಡೆಗೆ ಹೋಗಬೇಕು; ಕತ್ತಲೆಗೆ ಅಲ್ಲೊಂದು ಕೆಲಸವಿದೆ. ತ್ರಿಕೋನಮಿತಿಯ ಲೆಕ್ಕ ಮಾಡುವ ಕೋಣೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಒರಟಾದ ಲೇಪವು ಅದೇ ಬಣ್ಣದ ನುಣುಪು ಗೋಡೆಗಿಂತ ಹೆಚ್ಚು ಕಪ್ಪಾಗಿ ಕಾಣುವುದಕ್ಕೂ ಕಾರಣವುಂಟು. ಕುಳಿಯೊಳಗೆ ಹೊಕ್ಕ ಕಿರಣ ಎರಡು ಮೂರು ಸಾರಿ ಗೋಡೆಗೆ ತಾಕಿ, ಪ್ರತಿ ಸಾರಿಯೂ ಸವೆದು ಹೊರಬರುವುದು. ಇದರ ಮೇಲೆ ‘ಒದ್ದೆಗಲ್ಲಿನ ಕಳೆ’ ಬರಲೆಂದು ಮೆರುಗೆಣ್ಣೆಯಂಥ ಪಾರದರ್ಶಕ ಲೇಪ ಬಳಿದರೆ ಇನ್ನೂ ಕಪ್ಪಾಗುವುದು. ಮಳೆ ಬಿದ್ದ ಬಂಡೆ ಕಪ್ಪಾಗುವುದೂ ಇದೇ ಕಾರಣದಿಂದ. ಮೇಲಿನ ತೆಳುಪದರದ ಒಳಗಿನಿಂದ ಹೊರಡಲೆಳಸುವ ಬೆಳಕಿನಲ್ಲಿ ಒಂದು ಭಾಗವು ಪೂರ್ಣ ಆಂತರಿಕ ಪ್ರತಿಫಲನಕ್ಕೆ ಸಿಕ್ಕಿ ಮತ್ತೆ ಕಲ್ಲಿನ ಮೇಲೆಯೇ ಬೀಳುವುದು, ಮತ್ತೆ ಹೀರಲ್ಪಡುವುದು. ನಿಜವಾದ ಕಲ್ಲಿನ ಸೊಬಗೇ ಬೇರೆ. ಅದರೊಳಗೆ ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್, ಅಭ್ರಕ ಎಂದು ಹಲವು ಖನಿಜಗಳ ಹರಳುಗಳು ಬೇರೆ ಬೇರೆ ಕೋನಗಳಲ್ಲಿ ಕುಳಿತಿರುತ್ತವೆ. ನಾವು ತಲೆಯನ್ನು ಕೊಂಚ ಓಲಿಸಿದರೆ ಮಿನುಗು ಸ್ಥಳ ಬದಲಿಸುವುದು. ಮೇಖ್ರಿ ವೃತ್ತಕ್ಕೆ ಸಮೀಪದಲ್ಲಿ 1948ರಲ್ಲಿ ತಮ್ಮ ಸಂಶೋಧನ ಮಂದಿರವನ್ನು ಸ್ಥಾಪಿಸಿದ ಸರ್ ಸಿ. ವಿ. ರಾಮನ್ನರು ಲ್ಯಾಬ್ರಡೊರೈಟ್ ಎಂಬ ಫೆಲ್ಡ್‌ಸ್ಪಾರಿನ ಬಣ್ಣದ ಮಿಂಚಿಗೆ ಕಾರಣವನ್ನು ಹುಡುಕಿ 1950ರಲ್ಲಿ ಲೇಖನವನ್ನೇ ಪ್ರಕಟಿಸಿದರು. ಡಬ್ಬದ ಬಣ್ಣಕ್ಕೆ ಇದನ್ನೆಲ್ಲ ಕಲಿಸುವುದು ಕಷ್ಟ.

ಇನ್ನು ನೆಂಟರ ಭವಿಷ್ಯವಾಣಿ. ಕಪ್ಪು ಗೋಡೆಯಿಂದ ಹಜಾರ ಬಾಣಲೆಯಾಗುವುದೇ? ಗೋಡೆ ಒಳಗಿನದಾದರೆ, ಇಲ್ಲ. ಹಾಗೆಂದಾಗ ನಮ್ಮ ವಿದ್ಯಾರ್ಥಿಗಳೇ ನಂಬುವುದಿಲ್ಲ; ಕಪ್ಪು ಬಟ್ಟೆ ಬಿಸಿಲಿನಲ್ಲಿ ಸುಡುವುದಿಲ್ಲವೇ ಎನ್ನುತ್ತಾರೆ. ಬಿಸಿಲಿನಲ್ಲಿ ಸುಡುವುದು ನಿಜ. ಆದರೆ ಕೋಣೆಯೊಳಗೆ ಬಂದ ಬೆಳಕು ಬಿಳಿಯ ಗೋಡೆಗಳ ನಡುವೆ ಹತ್ತು ಸಾರಿ ಓಡಾಡಿ ಶಾಖವಾಗುವುದು, ಕಪ್ಪು ಗೋಡೆಯಲ್ಲಿ ಒಂದೇ ಸಾರಿಗೆ ಶಾಖವಾಗುವುದು. ಕೊನೆಗೆ ಎರಡೂ ಕಡೆ ಕೋಣೆಯೊಳಗೇ ಶಾಖವಾಗುವುದು. ಬಿಳಿಯ ಕೋಣೆಯಲ್ಲಿ ಕಿಟಕಿಯಿಂದ ಮರಳಿ ಹೊರಟುಹೋಗುವ ಬೆಳಕು ಸ್ವಲ್ಪ ಹೆಚ್ಚೆಂಬುದಷ್ಟೇ ಭೇದ. ಮೇಲಿನ ನಮ್ಮ ಕೋಣೆಯಲ್ಲಿ, ಒಂದು ಸಾಧಾರಣ ಕಿಟಕಿಯಿದ್ದರೆ, ಅದು ನೂರಕ್ಕೆ ಒಂದೋ ಎರಡೋ ಪಾಲು. ಇನ್ನು ಕಪ್ಪು ಗೋಡೆ ರಾತ್ರಿ ಹೆಚ್ಚು ಶಾಖವನ್ನು ಸೂಸುವುದೆಂಬ ನಂಬಿಕೆ. ಸಾಧಾರಣ ಉಷ್ಣತೆಯ ಗೋಡೆಯಿಂದ ಹೊರಡುವ ವಿಕಿರಣದ ತರಂಗಾಂತರ ಸುಮಾರು 10 ಮೈಕ್ರಾನು. ಕಣ್ಣಿಗೆ ಕಾಣದ ಆ ಅವಕೆಂಪು ಕಿರಣಗಳ ಲೋಕದಲ್ಲಿ ಸುಣ್ಣದ ಗೋಡೆಯೂ ಹೆಚ್ಚುಕಡಮೆ ಕಪ್ಪೇ. ಎರಡೂ ಒಂದೇ ಸಮನಾಗಿ ಸೂಸುತ್ತವೆ. ಬಣ್ಣವೆಂಬುದು ನಮ್ಮ ಕಣ್ಣಿನ ಕಿರಿದಾದ ಕಿಟಕಿಗೆ ಸಂಬಂಧಿಸಿದ ಸಂಗತಿ.

ಹೊರಗೋಡೆಯ ಮಾತೇ ಬೇರೆ. ಅಲ್ಲಿ ನೆಂಟರು ಗೆದ್ದರು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ನಿಂತು ಕಂಬದ ನೆರಳು ಮಾಯವಾಗುವುದನ್ನು, ಶೂನ್ಯ ನೆರಳಿನ ದಿನವೆಂದು, ಅನೇಕ ಶಾಲೆಗಳ ಮಕ್ಕಳು ನೋಡಿರುವರು. ಅಂಥ ದಿನಗಳಲ್ಲಿ ಮಧ್ಯಾಹ್ನದ ಬಿಸಿಲು ಮಾಳಿಗೆಯನ್ನು ಕಾಯಿಸುವುದೇ ಹೊರತು ಗೋಡೆಗಳನ್ನಲ್ಲ. ಗೋಡೆಗಳ ಸರದಿ ಬೆಳಗ್ಗೆ ಮತ್ತು ಸಂಜೆ. ಸಂಜೆ ನಾಲ್ಕು ಗಂಟೆಗೆ ಪಶ್ಚಿಮದ ಗೋಡೆಯ ಪ್ರತಿ ಚದರ ಮೀಟರಿಗೂ 600 ವಾಟಿನಷ್ಟು ಬಿಸಿಲು ಬೀಳುವುದು. ಬಿಳಿಯ ಗೋಡೆ ಇದರಲ್ಲಿ ಸುಮಾರು 30 ಪಾಲನ್ನು ಹೀರಿದರೆ ಇದ್ದಿಲು ಬಣ್ಣದ್ದು 90 ಪಾಲನ್ನು ಹೀರುವುದು. ಮಂದವಾದ ಗಾಳಿ ಬೀಸುತ್ತಿರುವಾಗ ಗೋಡೆಯು ಪ್ರತಿ ಡಿಗ್ರಿ ಏರಿಕೆಗೆ ಸುಮಾರು 20 ವಾಟನ್ನು ಹೊರಕ್ಕೆ ಬಿಟ್ಟುಕೊಡುವುದೆಂದು ಎಣಿಸಿದರೆ, ಬಿಳಿಯದು ಗಾಳಿಗಿಂತ 9 ಡಿಗ್ರಿ, ಕಪ್ಪು 27 ಡಿಗ್ರಿ ಹೆಚ್ಚು ಕಾಯುವ ಲೆಕ್ಕವಾಗುವುದು. ಗಾಳಿಯ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್ ಇರುವ ದಿನ ಕಪ್ಪು ಗೋಡೆಯ ಮೈ 60 ಡಿಗ್ರಿಯನ್ನು ಸಮೀಪಿಸುವುದು! ಒಳಕ್ಕೆ ಹರಿದುಹೋಗುವ ಶಾಖವನ್ನು ಕಳೆದರೆ ಈ ಸಂಖ್ಯೆ ಕೊಂಚ ತಗ್ಗುವುದೆಂಬುದು ನಿಜ; ಆದರೆ ಹಾಗೆ ಒಳಕ್ಕೆ ಹರಿದುದು ಎಲ್ಲಿಗೆ ಹೋಗುವುದು? ನಮ್ಮ ಮಂಚದ ಕಡೆಗೆ.

ನಿಜವಾದ ಕಲ್ಲಿಗೂ ಕಲ್ಲಿನ ವೇಷಕ್ಕೂ ಇರುವ ಭೇದ ಇಲ್ಲಿಯೇ ಚೆನ್ನಾಗಿ ತೋರುವುದು. ಹಳೆಯ ಕಲ್ಲುಕಟ್ಟಡದ ಗೋಡೆ ಒಂದೂವರೆ ಅಡಿ ದಪ್ಪ. ಹಗಲುರಾತ್ರಿಗಳ ಉಷ್ಣತೆಯ ಏರಿಳಿತವು ಅಲೆಯಂತೆ ಅದರೊಳಗೆ ಸಾಗುವಾಗ ಗ್ರಾನೈಟಿನಲ್ಲಿ ಸುಮಾರು 18 ಸೆಂಟಿಮೀಟರಿಗೊಮ್ಮೆ ಮೂರನೆಯ ಒಂದು ಭಾಗಕ್ಕೆ ಇಳಿಯುವುದು. ಒಂದೂವರೆ ಅಡಿ ದಾಟಿ ಒಳಬರುವಷ್ಟರಲ್ಲಿ ಹನ್ನೆರಡರಲ್ಲಿ ಒಂದು ಪಾಲಾಗಿರುವುದು; ಬರುವುದೂ ಒಂಬತ್ತು ಹತ್ತು ಗಂಟೆ ತಡವಾಗಿ. ಸಂಜೆಯ ಬಿಸಿಲು ಒಳಗೆ ತಲುಪುವುದು ಬೆಳಗಿನ ಜಾವಕ್ಕೆ, ಅದೂ ನಾಮಮಾತ್ರಕ್ಕೆ. ಈಗಿನ ನಮ್ಮ ಗೋಡೆ ಆರು ಅಂಗುಲದ ಕಾಂಕ್ರೀಟು ಇಟ್ಟಿಗೆಯದು. ಅದರಲ್ಲಿ ಏರಿಳಿತದ ಮೂರನೆಯ ಒಂದು ಪಾಲು ಒಳಕ್ಕೆ ದಾಟುವುದು, ತಡವಾಗುವುದು ನಾಲ್ಕೇ ಗಂಟೆ. ನಾಲ್ಕು ಗಂಟೆಯ ಬಿಸಿಲು ರಾತ್ರಿ ಎಂಟು ಗಂಟೆಗೆ, ಮಕ್ಕಳು ಓದಲು ಕುಳಿತ ಹೊತ್ತಿಗೆ ಸರಿಯಾಗಿ, ಕೋಣೆಗೆ ಬರುವುದು. ಮೂರು ಮಿಲಿಮೀಟರು ಲೇಪ ಇದಕ್ಕೆ ಏನು ತಡೆಯೊಡ್ಡೀತು? ಕಲ್ಲಿನ ಬಣ್ಣವನ್ನು ತೆಗೆದುಕೊಂಡು ಕಲ್ಲಿನ ತೂಕವನ್ನು ಬಿಟ್ಟಂತಾಯಿತು. ಬಣ್ಣವು ಕೊಡುವ ತೊಂದರೆ ಬಂದಿತು, ತೂಕವು ಕೊಡುವ ತಂಪು ಬರಲಿಲ್ಲ.

ಪೂರ್ವ ಪಶ್ಚಿಮಗಳ ಹೊರಗೋಡೆಗೆ ಕಪ್ಪು ಬೇಕೇ ಬೇಕೆನ್ನುವವರಿಗೆ ಒಂದು ಮಾರ್ಗವುಂಟು. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಅವಕೆಂಪು ಕಿರಣಗಳ ರೂಪದಲ್ಲಿರುವುದು. ಕಾಣುವ ಬೆಳಕನ್ನು ಹೀರಿ ಅವಕೆಂಪನ್ನು ಹಿಂದಿರುಗಿಸುವ ವರ್ಣದ್ರವ್ಯಗಳು ಈಗ ದೊರೆಯುತ್ತವೆ. ಅವುಗಳಿಂದ ಮಾಡಿದ ಕಪ್ಪು ಕಣ್ಣಿಗೆ ಕಪ್ಪಾಗಿದ್ದೂ ಸಾಧಾರಣ ಇದ್ದಿಲು ಬಣ್ಣದಷ್ಟು ಕಾಯುವುದಿಲ್ಲ. ಅಂಗಡಿಯಲ್ಲಿ ಕೇಳಬೇಕು. ಕೇಳುವವರಿಲ್ಲದಿದ್ದರೆ ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ವಸ್ತುಗಳ ಗುಣದೋಷಗಳನ್ನು ವಿಸ್ತಾರವಾಗಿ ಹೇಳಲು ಇಲ್ಲಿ ಸ್ಥಳವಿಲ್ಲ. ಪಿ.ವಿ.ಸಿ. ಹಲಗೆಗಳು ಹೊತ್ತಿಕೊಂಡರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುವುದು. ಒಲೆಯ ಹತ್ತಿರವೂ ದೇವರ ದೀಪದ ಹತ್ತಿರವೂ ಅವು ಬೇಡ. ತೇವವಿರುವ ಗೋಡೆಯ ಮೇಲೆ ಹಲಗೆ ಹೊಡೆದು ಮುಚ್ಚಿದರೆ ತೇವ ಹೋಗುವುದಿಲ್ಲ, ಹಲಗೆಯ ಹಿಂದೆ ಬೂಷ್ಟು ಬೆಳೆಯುವುದು. ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಸುತ್ತಿನಂತೆ ಲಾರಿಗಳ ಓಡಾಟ ಹೆಚ್ಚಾಗಿರುವಲ್ಲಿ ಒರಟು ಗೋಡೆಯ ಕುಳಿಗಳಲ್ಲಿ ಕೂರುವ ದೂಳನ್ನು ತೆಗೆಯುವ ಗೃಹಿಣಿಯ ಪಾಡನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ನಿಜವಾದ ಕಲ್ಲನ್ನೇ ಹಾಕಿಸೋಣವೇ? ಅದಕ್ಕೂ ನಾವು ಅವಸರಪಟ್ಟು ಹೌದೆನ್ನಲಾರೆವು. ಎರಡು ಸೆಂಟಿಮೀಟರು ದಪ್ಪದ ಗ್ರಾನೈಟ್ ಹಲಗೆ ಚದರ ಮೀಟರಿಗೆ 53 ಕಿಲೋಗ್ರಾಂ ತೂಗುವುದು. ಮೂರನೆಯ ಅಂತಸ್ತಿನ ಹೊರಗೋಡೆಗೆ ಬರಿಯ ಅಂಟಿನಿಂದ ಅದನ್ನು ಕೂರಿಸಿದರೆ ಕೆಳಗೆ ನಡೆಯುವವರ ಗತಿಯೇನು? ಅದೂ ಅಲ್ಲದೆ, ಕಲ್ಲನ್ನು ಸೀಳುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ, ವಾಸಿಯಾಗದ ರೋಗವನ್ನು ತರುವುದು. ನೀರು ಹಾಯಿಸದೆ, ಮುಖಕ್ಕೆ ಬರಿಯ ಟವಲು ಕಟ್ಟಿಕೊಂಡು ಕಲ್ಲು ಕೊಯ್ಯುವವರನ್ನು ಹೊಸ ಬಡಾವಣೆಗಳಲ್ಲಿ ಯಾರು ಕಂಡಿಲ್ಲ? ಈ ದೃಷ್ಟಿಯಿಂದ ನೋಡಿದರೆ ಲೇಪವು ನಿರಪಾಯಕರವೆಂದು ಒಪ್ಪಿಕೊಳ್ಳಬೇಕು. ಬಂಡೆಯೂ ಉಳಿಯುವುದು, ಮನುಷ್ಯನೂ ಉಳಿಯುವನು.

ನಿಮ್ಮ ಮನೆಯಲ್ಲಿರುವುದು ಕಲ್ಲೋ ವೇಷವೋ ತಿಳಿಯಲು ಉಪಕರಣವೇನೂ ಬೇಡ. ಅಂಗೈಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ಗ್ರಾನೈಟು ಕೈಯಿಂದ ಶಾಖವನ್ನು ಬೇಗ ಬೇಗ ಒಳಕ್ಕೆ ಸೆಳೆಯುವುದರಿಂದ ಬಹಳ ಹೊತ್ತು ತಣ್ಣಗಿರುವುದು. ಹಗುರ ಹಲಗೆ ಎರಡು ಮೂರು ಕ್ಷಣಗಳಲ್ಲಿ ಬೆಚ್ಚಗಾಗುವುದು. ಎರಡರ ಉಷ್ಣತೆಯೂ ಒಂದೇ ಎಂಬುದನ್ನು ಥರ್ಮಾಮೀಟರಿನಿಂದ ನೋಡಿ ನಿಶ್ಚಯಿಸಿಕೊಂಡರೆ, ತಣ್ಣಗಿರುವುದಕ್ಕೂ ತಣ್ಣಗೆನಿಸುವುದಕ್ಕೂ ಇರುವ ಭೇದ ಮನಸ್ಸಿನಲ್ಲಿ ನಿಲ್ಲುವುದು.

ಕೊನೆಯದಾಗಿ ನಮ್ಮದೇ ಒಂದು ಸಂಗತಿ. ಈ ಲೇಖನವನ್ನು ಬರೆಯಲು ಗೃಹಪ್ರವೇಶದ ಪ್ರಶ್ನೆಗಿಂತ ಇದೇ ಹೆಚ್ಚು ಪ್ರೇರಕವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಆರ್. ಟಿ. ನಗರದಲ್ಲಿ ನಾವಿರುವುದು ನೆಲ ಅಂತಸ್ತಿನ ಬಾಡಿಗೆ ಮನೆ. ಮೂವತ್ತು ನಲವತ್ತರ ಸೈಟು. ನಮ್ಮ ಅಡುಗೆಮನೆಯ ಕಿಟಕಿಗೂ ಪಕ್ಕದ ಮನೆಗೂ ನಡುವೆ ಮೂರೋ ನಾಲ್ಕೋ ಅಡಿ ಓಣಿ. ಅಂಥ ಕಿಟಕಿಗೆ ಆಕಾಶ ಕಾಣುವುದಿಲ್ಲ, ಎದುರಿನ ಗೋಡೆ ಮಾತ್ರ ಕಾಣುವುದು. ಮೇಲಿನಿಂದ ಬಿದ್ದ ಬೆಳಕು ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಪುಟಿಯುತ್ತ, ಬಾವಿಯೊಳಗೆ ಇಳಿಯುವಂತೆ ಇಳಿದು ಕಿಟಕಿಗೆ ತಲುಪಬೇಕು. ಎರಡೂ ಗೋಡೆಗಳು ನೂರಕ್ಕೆ 70 ಪಾಲು ಹಿಂದಿರುಗಿಸುವಂಥವಾದರೆ ಒಂದು ಜೋಡಿ ಪುಟಿತದ ನಂತರ 49 ಪಾಲು ಉಳಿಯುವುದು. ಒಂದು ಗೋಡೆ 10 ಪಾಲಿನದಾದರೆ ಉಳಿಯುವುದು 7 ಪಾಲು. ಒಂದೇ ಜೋಡಿಗೆ ಏಳರಲ್ಲಿ ಒಂದು ಪಾಲಾಯಿತು!

ಪಕ್ಕದಲ್ಲಿದ್ದ ಹಳೆಯ ಸುಣ್ಣದ ಮನೆಯನ್ನು ಕೆಡವಿ ಮೂರು ಅಂತಸ್ತಿನ ಮನೆ ಕಟ್ಟಿದರು. ಎತ್ತರದಿಂದ ಬೆಳಕು ಕುಂದಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ, ನಗರವೆಂದರೆ ಹಾಗೆಯೇ. ಗೋಡೆಗೆ ಬಿಳಿಯ ಪ್ರೈಮರ್ ಬಳಿದಿದ್ದ ವಾರ, ಬೆಳಗ್ಗೆ ಹನ್ನೊಂದು ಗಂಟೆಗೆ, ಮೋಡವಿಲ್ಲದ ದಿನ, ಕಾಲೇಜಿನ ಪ್ರಯೋಗಶಾಲೆಯ ಬೆಳಕಿನ ಮಾಪಕವನ್ನು ನಮ್ಮ ಅಡುಗೆಕಟ್ಟೆಯ ಮೇಲಿಟ್ಟು ನೋಡಿದೆವು: 110 ಲಕ್ಸ್. ಮುಂದಿನ ತಿಂಗಳು ಮುಂಭಾಗಕ್ಕೆ ಹಾಕಿದ ಕರಿಗಲ್ಲಿನ ಲೇಪವನ್ನೇ ಪಕ್ಕದ ಗೋಡೆಗೂ ಪೂರ್ತಿ ಎಳೆದರು. ಅದೇ ಹೊತ್ತು, ಅಂಥದೇ ದಿನ, ಅದೇ ಸ್ಥಳ: 35 ಲಕ್ಸ್. ಒಂದೇ ಪ್ರಯೋಗದಿಂದ ಸಿದ್ಧಾಂತ ಹೊರಡಿಸಬಾರದೆಂದು ತರಗತಿಯಲ್ಲಿ ನಾವೇ ಹೇಳುತ್ತೇವೆ. ಆದರೆ ಅಡುಗೆಮನೆಯಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣದಾದಾಗ ಸಿದ್ಧಾಂತದ ಅವಶ್ಯಕತೆ ಮನೆಯವರಿಗೆ ತೋರಲಿಲ್ಲ.

ಆ ಓಣಿಯ ಗೋಡೆಯನ್ನು ರಸ್ತೆಯಲ್ಲಿ ಹೋಗುವ ಯಾರೂ ನೋಡಲಾರರು. ಕಟ್ಟಿದ ಮನೆಯವರೂ ನೋಡಲಾರರು. ಅದನ್ನು ದಿನವೂ ನೋಡುವವರು ನಾವೊಬ್ಬರೇ. ನಮ್ಮ ಅಭಿಪ್ರಾಯ ಇಷ್ಟೇ: ಮುಂಭಾಗ ನಿಮ್ಮ ಇಷ್ಟ, ಒಳಗೋಡೆ ನಿಮ್ಮ ಇಷ್ಟ, ಆದರೆ ಓಣಿಯ ಕಡೆಯ ಗೋಡೆಯ ಬಣ್ಣ ಅರ್ಧ ನೆರೆಯವರಿಗೆ ಸೇರಿದ್ದು. ಅದನ್ನು ಬೆಳ್ಳಗಿಡಲು ಖರ್ಚು ಹೆಚ್ಚಲ್ಲ, ಕಡಮೆ. ಇದಕ್ಕೆ ಕಾನೂನು ಬೇಕೆಂದು ನಾವು ಕೇಳುವುದಿಲ್ಲ. ಮನೆ ಕಟ್ಟಿಸುವವರು ಬಣ್ಣ ಆರಿಸುವ ದಿನ ಒಮ್ಮೆ ಪಕ್ಕದ ಮನೆಯ ಕಿಟಕಿಯ ಬಳಿ ಹೋಗಿ ನಿಂತು ನೋಡಲೆಂದು ಕೇಳುತ್ತೇವೆ. ಇಂದಿನ ವಿದ್ಯಾರ್ಥಿಗಳು ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಮನೆ ಕಟ್ಟಿಸುವವರೇ ಆಗಿರುವುದರಿಂದ ಅವರಿಗೂ ಹೇಳುತ್ತಿದ್ದೇವೆ.

ನಮ್ಮ ನೆರೆಯವರು ಸಜ್ಜನರು. ಮಾಪಕದ ಎರಡು ಸಂಖ್ಯೆಗಳನ್ನು ತೋರಿಸಿದಾಗ ಒಳಗೆ ಬಂದು ನಿಂತು ನೋಡಿದರು, ಕಾಫಿ ಕುಡಿದರು, ನಿಜವಾಗಿಯೂ ನೊಂದುಕೊಂಡರು. “ಮೊದಲೇ ಹೇಳಬಾರದಿತ್ತೇ ಸಾರ್? ಲೇಪಕ್ಕೆ ಏಳು ವರ್ಷ ಗ್ಯಾರಂಟಿ ಬರೆಸಿಕೊಂಡುಬಿಟ್ಟಿದ್ದೇನೆ” ಎಂದರು. ಈಗ ನಮ್ಮ ಅಡುಗೆಮನೆಯಲ್ಲಿ 10 ವಾಟಿನ ಹೊಸ ದೀಪವೊಂದಿದೆ. ಬೆಳಗ್ಗೆ ಹನ್ನೊಂದು ಗಂಟೆಗೂ ಉರಿಯುತ್ತಿರುತ್ತದೆ.